ಬಾಗಿಲ ಕಡೆಗೆ ಉರುಳಿದ ಮೇಜುಗಳು

ನಮ್ಮ ಶಾಲೆಯ ಬಡಗಿಯನ್ನು ಎಲ್ಲರೂ 'ಅರ್ಧ ಇಂಚು' ಎಂದೇ ಕರೆಯುತ್ತಿದ್ದರು. ಯಾವ ಹಲಗೆ ಕೊಟ್ಟರೂ ಅಳತೆ ನೋಡಿ, "ಇನ್ನೊಂದು ಅರ್ಧ ಇಂಚು ಇದ್ದಿದ್ರೆ..." ಎಂದು ರಾಗ ಎಳೆಯುವ ಆಸಾಮಿ. ಇಪ್ಪತ್ತೆರಡು ವರ್ಷ ಅವನು ಮಾಡಿದ ಕೆಲಸ ಒಂದೇ. ಬೆಂಚುಗಳನ್ನು ಸಾಲಾಗಿಟ್ಟು, ಮಕ್ಕಳು ಎಳೆದಾಡದ ಹಾಗೆ ಕಾಲುಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿಯುವುದು.

ಆ ಬೆಂಚುಗಳೇ ಅವನಿಗೆ ಮುಳುವಾದವು. ಅವನ ಮಗಳು ನನ್ನ ಐದನೇ ತರಗತಿಗೆ ಬಂದಳು. ಕಿವಿ ಕೇಳದು, ಮಾತಾಡುವವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವ ಹುಡುಗಿ. ನಾನು ಪಾಠ ಹೇಳುವಾಗ ಹೇಗೋ ನಡೆಯುತ್ತಿತ್ತು. ಮಕ್ಕಳು ತಮ್ಮತಮ್ಮಲ್ಲೇ ಚರ್ಚೆಗಿಳಿದರೆ ಅವಳಿಗೆ ಕಾಣುವುದು ಬರೀ ಬೆನ್ನುಗಳು. ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಹೆಡ್ ಮಾಸ್ಟರ್ ಅವನನ್ನು ಕರೆದು, "ವರ್ಷದ ಕೊನೆವರೆಗೂ ಹೀಗೇ ಇದ್ರೆ ಮಗಳಿಗೆ ಬೇರೆ ಕಡೆ ನೋಡ್ಕೋಪ್ಪ" ಅಂದರು. ಆ ಬೇರೆ ಕಡೆ ಎಲ್ಲೂ ಇರಲಿಲ್ಲ.

"ಟೀಚರ್, ಅವಳಿಗೆ ಮುಖ ಕಾಣಿಸ್ಬೇಕು, ಅಷ್ಟೇ. ಏನಾದ್ರೂ ಮಾಡಿ," ಎಂದು ನನ್ನ ಮುಂದೆ ಅತ್ತ.

ಅವನ ತಲೆಗೆ ಹುಳ ಬಿಟ್ಟವಳು ನಾನೇ. ಮೂವತ್ತು ಮಕ್ಕಳಿಗೆ ಮೂವತ್ತು ಪುಟ್ಟ ಮೇಜು, ಕಾಲಿಗೆ ಚಕ್ರ. ಆರಾರು ಸೇರಿಸಿದರೆ ಒಂದು ದುಂಡುಮೇಜು, ಬಿಡಿಸಿದರೆ ಮತ್ತೆ ಸಾಲು. ಶಾಲೆಯ ಅಧ್ಯಕ್ಷರು, "ಮಾಡಿ ತೋರಿಸಿ, ನೋಡೋಣ" ಎಂದರು. ಅರ್ಧ ಇಂಚು ತನ್ನ ಶೆಡ್ಡಿನಲ್ಲಿ ಎರಡು ತಿಂಗಳು ಮುರುಕು ಕಪಾಟುಗಳ ಹಲಗೆ ಕೊಯ್ದ, ಗುಜರಿಯಿಂದ ಚಕ್ರ ಆರಿಸಿ ತಂದ. ಒಂದು ಮೇಜಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟು ಸಂದಿಲ್ಲ.

ಅಧ್ಯಕ್ಷರು ಬರುವ ದಿನ ಬೆಂಚುಗಳನ್ನು ಕಿತ್ತು ಮೇಜುಗಳನ್ನು ಒಳಗೆ ತಂದೆವು. ಮಕ್ಕಳು ಸುತ್ತ ಕೂತರು. ಹುಡುಗಿ ಐದು ಮುಖಗಳನ್ನೂ ಒಂದೊಂದಾಗಿ ನೋಡಿದಳು, ಪಕ್ಕದವಳ ಲೆಕ್ಕ ತಪ್ಪೆಂದು ವಾದಕ್ಕೇ ನಿಂತಳು! ಕಿಟಕಿಯಾಚೆ ನಿಂತಿದ್ದ ಅಪ್ಪ ತೋಳಿನಿಂದ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಅಧ್ಯಕ್ಷರು ಬಾಗಿಲಿಗೆ ಬಂದರು. ಮಕ್ಕಳೆಲ್ಲ ಮೇಜು ಬಿಟ್ಟು, ಕೈ ಕಟ್ಟಿ, ನೆಟ್ಟಗೆ ಎದ್ದು ನಿಂತರು. ಮೇಜುಗಳು ಹೊರಟವು. ಒಂದರ ಹಿಂದೊಂದು, ದೊಡ್ಡವರನ್ನು ಎದುರುಗೊಳ್ಳಲು ಹೊರಟ ಹಾಗೆ ಬಾಗಿಲ ಕಡೆಗೇ ಉರುಳಿದವು. ಮೊದಲನೆಯದು ಅಧ್ಯಕ್ಷರ ಮೊಣಕಾಲಿಗೇ ಬಡಿಯಿತು.

ತೊಳೆದ ನೀರು ಹೊರಗೆ ಹರಿಯಲಿ ಎಂದು ಆ ನೆಲವನ್ನು ಬಾಗಿಲ ಕಡೆಗೆ ಇಳಿಜಾರು ಮಾಡಿದ್ದರು. ಅವನ ಶೆಡ್ಡಿನ ನೆಲ ಸಮತಟ್ಟು. ಬೋಲ್ಟು ಹಾಕಿದ ಬೆಂಚಿಗೆ ಇಳಿಜಾರಿನ ಗೊಡವೆ ಎಲ್ಲಿಂದ ಬರಬೇಕು? ಆದರೆ ನಾನು ಒಂಬತ್ತು ವರ್ಷ, ಪ್ರತಿ ಶನಿವಾರ, ಆ ನೀರು ಹರಿಯುವುದನ್ನು ನೋಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

"ಚಕ್ರ ಕಿತ್ತಾಕ್ತೀನಿ ಸಾರ್, ಒಂದೇ ಒಂದು ದಿನ ಕೊಡಿ," ಎಂದು ಅರ್ಧ ಇಂಚು ಒಳಗೆ ಓಡಿಬಂದು ಅಂಗಲಾಚಿದ.

"ಸೋಮವಾರದೊಳಗೆ ಹಳೇ ಬೆಂಚು ವಾಪಸ್ ಬರ್ಬೇಕು. ಬೋಲ್ಟ್ ಸಮೇತ," ಎಂದರು ಅಧ್ಯಕ್ಷರು.

ಯೋಚನೆ ನನ್ನದೆಂದು ಹೇಳುವ ಬದಲು ನಾನು ಉರುಳಿದ ಮೇಜುಗಳನ್ನು ಹಿಡಿದು ನಿಲ್ಲಿಸತೊಡಗಿದೆ.

ಭಾನುವಾರ ಪೂರ್ತಿ ಅವನೊಬ್ಬನೇ ಬೆಂಚು ಬಿಗಿದ. ಸೋಮವಾರ ಬಂದು ನೋಡಿದರೆ ಎಲ್ಲವೂ ಸಾಲಾಗಿವೆ, ಒಂದನ್ನು ಬಿಟ್ಟು. ಬೋರ್ಡಿನ ಪಕ್ಕದ ಆ ಬೆಂಚು ಇಡೀ ತರಗತಿಗೆ ಮುಖ ಮಾಡಿ ಕೂತಿತ್ತು. ಅದರ ಮೇಲೆ ಅವನ ಮಗಳು.

ಹೆಡ್ ಮಾಸ್ಟರ್ ಕೆಂಡವಾದರು. "ಏನಯ್ಯಾ ಇದು? ಕೀಳು ಅದನ್ನ!"

"ಬರಲ್ಲ ಸಾರ್. ಬೋಲ್ಟ್ ಮೇಲೆ ಸಿಮೆಂಟ್ ಸುರಿದಿದ್ದೀನಿ. ಕೀಳ್ಬೇಕಂದ್ರೆ ನೆಲಾನೇ ಒಡೀಬೇಕು."

"ಹಾಗಾದ್ರೆ ನೀನು ನಾಳೆಯಿಂದ ಬರ್ಬೇಡ."

ಅವನು ಉಪಕರಣಗಳ ಚೀಲ ಹೆಗಲಿಗೇರಿಸಿ ಹೊರಗೆ ಹೋದ. ಹಿಂದಿನ ಕಿಟಕಿಯಾಚೆ ಒಂದು ಗಳಿಗೆ ನಿಂತು ಏನೋ ಅಂದ. ನಮಗ್ಯಾರಿಗೂ ಕೇಳಿಸಲಿಲ್ಲ. ಮಗಳು ಅವನ ತುಟಿಯನ್ನೇ ನೋಡಿ ತಲೆಯಾಡಿಸಿದಳು. ನಾನು ಪುಸ್ತಕ ತೆರೆದು ಮೊದಲ ಪ್ರಶ್ನೆ ಕೇಳಿದೆ. ಅವಳು ಕೈ ಎತ್ತಿದಳು.