ಸ್ಕೀಗೆ ಹಚ್ಚಿದ ಕುಂಕುಮ

೨೦೨೧ರ ಜನವರಿ. ಕೊರೊನಾದ ಮೂರನೇ ಅಲೆ ಐರ್ಲೆಂಡನ್ನು ಹಿಡಿದು ಅಲ್ಲಾಡಿಸುತ್ತಿದ್ದ ತಿಂಗಳು. ನಾನು ಡಬ್ಲಿನ್‌ನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ಆಪರೇಷನ್‌ಗಳೆಲ್ಲ ನಿಂತುಹೋಗಿ ನಮ್ಮನ್ನು ಐಸಿಯುಗೆ ಹಾಕಿದ್ದರು. ಉಸಿರಾಡಲಾಗದವರ ಗಂಟಲಿಗೆ ಕೊಳವೆ ಇಳಿಸಿ ವೆಂಟಿಲೇಟರ್‌ಗೆ ಜೋಡಿಸುವುದೇ ನನ್ನ ಕೆಲಸವಾಗಿತ್ತು. ಅಂಥ ಹೊತ್ತಿನಲ್ಲಿ ನಾನು ಹಿಮದ ಮೇಲೆ ಜಾರುವ ಸ್ಕೀ ಕೊಂಡೆ ಅಂದರೆ ಕೆಲವರು ಈಗಲೂ ನನ್ನ ಮುಖ ನೋಡುತ್ತಾರೆ. ನೋಡಲಿ.

ಮೊದಲು ಮನೆಯ ಪರಿಸ್ಥಿತಿ ಹೇಳಿಬಿಡುತ್ತೇನೆ. ನನ್ನ ಗಂಡ ಸತೀಶ ಸಾಫ್ಟ್‌ವೇರ್‌ನವನು, ಮನೆಯಿಂದಲೇ ಕೆಲಸ. ಅತ್ತೆ ಹಿಂದಿನ ವರ್ಷ ಕೆಲವು ತಿಂಗಳು ಇದ್ದು ಹೋಗೋಣವೆಂದು ಮೈಸೂರಿನಿಂದ ಬಂದವರು, ವಿಮಾನ ನಿಂತು ಇಲ್ಲೇ ಉಳಿದುಬಿಟ್ಟಿದ್ದರು. ವಿಮಾನ ಶುರುವಾದ ಮೇಲೂ ಕಳಿಸುವ ಧೈರ್ಯ ನಮಗಾಗಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ, ಜೊತೆಗೆ ಅಸ್ತಮಾ. ಕೊರೊನಾ ಬಂದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ, ದಿನಾ ನೋಡುತ್ತಿದ್ದೆ. ಹಾಗಾಗಿ ಮನೆಗೊಂದು ಕಾನೂನು ಮಾಡಿದೆ. ನಾನು ಕೆಳಗಿನ ಮುಂದಿನ ರೂಮು, ಅವರಿಬ್ಬರೂ ಮೇಲೆ. ನಾನು ಡ್ಯೂಟಿಗೆ ಹೋದ ಮೇಲೆ ಅತ್ತೆ ಕೆಳಗಿಳಿದು ಅಡುಗೆ ಮಾಡಬೇಕು, ನಾನು ಬರುವಷ್ಟರಲ್ಲಿ ಮೇಲೆ ಹೋಗಿಬಿಡಬೇಕು. ಮಾತೆಲ್ಲ ಮೆಟ್ಟಿಲಿನ ತುದಿಯಿಂದ.

ಮನೆಯವರು ಯಾವುದಾದರೂ ಮುಖ್ಯ ಕೆಲಸಕ್ಕೆ ಹೊರಟರೆ ಹಣೆಗೆ ಕುಂಕುಮವಿಟ್ಟು ಕಳಿಸುವುದು ಅತ್ತೆಯ ಪದ್ಧತಿ. ನನ್ನ ಪರೀಕ್ಷೆಗಳಿಗೂ ಇಟ್ಟಿದ್ದರು, ಐರ್ಲೆಂಡಿಗೆ ಹೊರಟ ದಿನವೂ ಇಟ್ಟಿದ್ದರು. ನನ್ನ ಕಾನೂನಿನಲ್ಲಿ ಅದೂ ನಿಂತುಹೋಯಿತು.

ಸ್ಕೀ ವಿಷಯ ತೆಗೆದವಳು ಊನಾ, ನಮ್ಮ ಐಸಿಯುವಿನ ಫಿಸಿಯೋಥೆರಪಿಸ್ಟ್. ಚಳಿಗಾಲ ಶುರುವಾಗುವ ಹೊತ್ತಿಗೇ ಒಂದು ದಿನ ಚಹಾ ಕುಡಿಯುತ್ತಾ, "ನಿದ್ದೆ ಮಾಡ್ತಿದ್ದೀಯಾ?" ಎಂದು ಕೇಳಿದಳು. "ಐ ಆ್ಯಮ್ ಗ್ರ್ಯಾಂಡ್" ಎಂದೆ. ಇಲ್ಲಿನವರ ಹಾಗೆ ನಾನೂ ಎಲ್ಲದಕ್ಕೂ ಗ್ರ್ಯಾಂಡ್, ಅಂದರೆ ಚೆನ್ನಾಗಿದ್ದೇನೆ, ಅನ್ನುವುದನ್ನು ಕಲಿತಿದ್ದೆ. ಅವಳು ನಂಬಲಿಲ್ಲ. "ಈ ಸಲ ಹಿಮ ಬಿದ್ರೆ ನನ್ ಜೊತೆ ಬೆಟ್ಟ ಹತ್ತು. ಸ್ಕೀ ಒಂದು ತಗೋ ಸಾಕು" ಎಂದಳು. ನಾವಿಬ್ಬರೂ ಇರುವುದು ಡಬ್ಲಿನ್‌ನ ದಕ್ಷಿಣದ ಅಂಚಿನಲ್ಲಿ, ಬೆಟ್ಟದ ಬುಡದಲ್ಲೇ. ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ಲಾಕ್‌ಡೌನ್ ನಿಯಮ ಬಂದರೂ ನಮಗೆ ಅಡ್ಡಿಯಿರಲಿಲ್ಲ. ಮದುವೆಯಾದ ಹೊಸತರಲ್ಲಿ ಫ್ರಾನ್ಸ್‌ನಲ್ಲಿ ಒಂದು ವಾರ ಸ್ಕೀ ಕಲಿತಿದ್ದೆ, ಆಮೇಲೆ ಇಲ್ಲಿ ಹಿಮವಿಲ್ಲದೆ ಸ್ಕೀ ಕಲಿಯಲು ಮಾಡಿದ ಪ್ಲಾಸ್ಟಿಕ್ ಇಳಿಜಾರಿನಲ್ಲಿ ಒಂದಷ್ಟು ಬಿದ್ದು ಎದ್ದಿದ್ದೆ.

ಊನಾ ಹೇಳಿದ್ದು ಟೂರಿಂಗ್ ಸ್ಕೀ. ಅದರಲ್ಲಿ ಬೆಟ್ಟ ಇಳಿಯುವುದಷ್ಟೇ ಅಲ್ಲ, ಹತ್ತುವುದೂ ನಾವೇ. ಹತ್ತುವಾಗ ಸ್ಕೀಯ ತಳಕ್ಕೆ ಸ್ಕಿನ್ ಎನ್ನುವ ಒಂದು ಅಂಟುಪಟ್ಟಿ ಅಂಟಿಸುತ್ತಾರೆ. ಅದರ ಇನ್ನೊಂದು ಮೈಯಲ್ಲಿ ಸಣ್ಣ ಕೂದಲಿರುತ್ತದೆ, ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರಲು ಬಿಡುವುದಿಲ್ಲ. ಮೇಲೆ ಹೋದ ಮೇಲೆ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಜಾರಿಕೊಂಡು ಬರುವುದು.

ಆರಿಸುವುದಕ್ಕೆ ಕೂತಾಗ ಸತೀಶ ನನಗಿಂತ ಮುಂದೆ ನಿಂತ. ಹದಿನೈದು ವೀಡಿಯೊ ನೋಡಿ ಅಗಲವಾದ, ಉದ್ದವಾದ ಒಂದು ಜೋಡಿ ಆರಿಸಿಟ್ಟ. ವೀಡಿಯೊದಲ್ಲಿ ಒಬ್ಬ ಮೊಣಕಾಲುದ್ದ ಪುಡಿ ಹಿಮದಲ್ಲಿ ತೇಲಿಕೊಂಡು ಬರುತ್ತಿದ್ದ. "ತಗೊಳೋದೇ ತಗೋತೀವಿ, ದೊಡ್ಡದೇ ಇರಲಿ" ಎಂದ. ನನಗೂ ಆಸೆಯಾಯಿತು. ಊನಾಗೆ ತೋರಿಸಿದೆ.

"ಚೆನ್ನಾಗಿದೆ. ಇಂಥ ಹಿಮ ಇಲ್ಲಿ ಬಿದ್ದಿದ್ದು ನೋಡಿದ್ದೀಯಾ?" ಎಂದಳು.

ನೋಡಿರಲಿಲ್ಲ. ಇಲ್ಲಿ ಬೆಳಿಗ್ಗೆ ಪುಡಿಯಾಗಿದ್ದ ಹಿಮ ಮಧ್ಯಾಹ್ನಕ್ಕೆ ಗಂಜಿ. ಮೇಲೆ ಗಾಳಿ ಬೀಸಿದ ಕಡೆ ಹಪ್ಪಳದ ಹಾಗೆ ಗಟ್ಟಿ ಪದರ, ಅದರ ಕೆಳಗೆ ಕುರುಚಲು ಪೊದೆ, ಕಲ್ಲು, ಜೌಗು. ಒಂದೇ ಬೆಟ್ಟದಲ್ಲಿ ಎಲ್ಲವೂ ಸಿಗುತ್ತದೆ. ಊನಾ ಹೇಳಿದ್ದು ಇಷ್ಟು: ಗಲ್ಲದ ಮಟ್ಟಕ್ಕೆ ಬರುವಷ್ಟು ಉದ್ದ ಸಾಕು, ಪೊದೆ ಕಲ್ಲುಗಳ ನಡುವೆ ತಿರುಗಿಸಲು ಬರಬೇಕು. ಅಗಲ ಮಧ್ಯಮವಿರಲಿ. ತೀರಾ ಹಗುರದ್ದು ಹತ್ತುವಾಗ ಸುಖ, ಗಟ್ಟಿ ಹಿಮದಲ್ಲಿ ಇಳಿಯುವಾಗ ಗಡಗಡ ನಡುಗುತ್ತದೆ, ಅದು ಬೇಡ.

"ಅಂದ್ರೆ ಯಾವ ಹಿಮಕ್ಕೂ ಪೂರ್ತಿ ಸರಿಹೋಗದೆ ಇರೋ ಸ್ಕೀ" ಎಂದು ಸತೀಶ ಮುಖ ಸಿಂಡರಿಸಿದ.

ನನಗೆ ಮಾತ್ರ ಅದು ತಟ್ಟನೆ ಅರ್ಥವಾಯಿತು. ಕೊಳವೆ ಇಳಿಸುವಾಗ ನಾವು ಪುಸ್ತಕದಲ್ಲಿರುವ ಗಂಟಲಿಗೆ ಅಳತೆ ನೋಡುವುದಿಲ್ಲ. ಮುಂದೆ ಮಲಗಿರುವವರ ಗಂಟಲು ಊದಿಕೊಂಡಿರಬಹುದು, ಕುತ್ತಿಗೆ ಬಾಗದೇ ಇರಬಹುದು. ನಮಗೆ ಬೇಕಾದ ದಿನಕ್ಕಲ್ಲ, ಸಿಗುವ ದಿನಕ್ಕೆ ತಯಾರಾಗಬೇಕು. ಆ ವರ್ಷ ಇನ್ನೇನು ಕಲಿತೆನೋ ಇಲ್ಲವೋ, ಇದನ್ನಂತೂ ಕಲಿತಿದ್ದೆ. ಗಿಡ್ಡದ್ದನ್ನೇ ಆರ್ಡರ್ ಮಾಡಿದೆ. ಬೂಟು ಊನಾಳ ಅಕ್ಕನದು ಸಿಕ್ಕಿತು.

ಪೆಟ್ಟಿಗೆ ಬಂದ ದಿನ ಅತ್ತೆ ಮೇಲಿನಿಂದಲೇ ಬಗ್ಗಿ ನೋಡಿದರು. "ಇದೇನೋ ಸತೀಶ, ಗಾಡಿನಾ?" ಎಂದರು. "ಒಂಥರಾ ಗಾಡಿನೇ ಅಮ್ಮ" ಎಂದ ಅವನು. ಅತ್ತೆ ನನ್ನ ಕಡೆ ತಿರುಗಿ, "ಇಂಥ ಟೈಮಲ್ಲಿ ಕೈಕಾಲು ಮುರ್ಕೊಂಡ್ರೆ ಯಾರಮ್ಮ ನೋಡ್ಕೋತಾರೆ?" ಎಂದರು. ಮಾತು ನೇರವಾಗಿ ತಾಗಿತು, ಯಾಕೆಂದರೆ ನನ್ನ ಭಯವೂ ಅದೇ. ಬಿದ್ದರೆ ಹೋಗಿ ಮಲಗಬೇಕಾದದ್ದು ನಮ್ಮ ಆಸ್ಪತ್ರೆಯಲ್ಲೇ, ಹಾಸಿಗೆಗೆ ಜನ ಕಾಯುತ್ತಿದ್ದ ಕಾಲದಲ್ಲಿ. ವಾರ್ಡಿನಲ್ಲಿ ಒಬ್ಬ ಡಾಕ್ಟರ್ ಕಡಿಮೆ. ಆದರೂ ಹೋಗದಿದ್ದರೆ ನಾನು ಹೆಚ್ಚು ದಿನ ತಡೆಯುವುದಿಲ್ಲ ಎಂದೂ ಅನ್ನಿಸುತ್ತಿತ್ತು. "ಹುಷಾರಾಗಿ ಹೋಗ್ತೀನಿ ಅತ್ತೆ" ಎಂದೆ.

ಜನವರಿಯ ಕೊನೆಗೆ ಹಿಮ ಬಿತ್ತು. ನನಗೆ ರಜ ಇದ್ದ ದಿನ ಬೆಳಿಗ್ಗೆ ಊನಾ, ನಾನು ಹೊರಟೆವು. ಕೆಲಸ ಹಗುರವಾಗಲೆಂದು ಸತೀಶ ಹಿಂದಿನ ದಿನವೇ ಸ್ಕಿನ್ ಅಂಟಿಸಿ ಚೀಲದಲ್ಲಿಟ್ಟಿದ್ದ. ಕಾಡಿನ ದಾರಿಯಲ್ಲಿ ಹತ್ತುವಾಗ ಎಷ್ಟು ಸುಖವಾಗಿತ್ತೆಂದರೆ, ಎಷ್ಟೋ ತಿಂಗಳ ನಂತರ ನನ್ನ ಉಸಿರು ನನಗೇ ಕೇಳಿಸಿತು. ಮಾಸ್ಕ್ ಇಲ್ಲ, ಅಲಾರಂ ಇಲ್ಲ. ಊನಾ ಮುಂದೆ, ನಾನು ಎರಡು ಮೀಟರ್ ಹಿಂದೆ. ಬಯಲಿನಲ್ಲೂ ಆ ಅಂತರ ನಮಗೆ ಅಭ್ಯಾಸವಾಗಿತ್ತು.

ಮರಗಳು ಮುಗಿದ ಮೇಲೆ ಇಳಿಜಾರು ಕಡಿದಾಯಿತು, ಹಿಮ ಗಟ್ಟಿಯಾಯಿತು. ಬಲಗಾಲು ಒಂದೆರಡು ಸಲ ಹಿಂದಕ್ಕೆ ಜಾರಿತು. ನನ್ನದೇ ಹೆಜ್ಜೆ ತಪ್ಪಿರಬೇಕು ಎಂದುಕೊಂಡೆ. ಮೂರನೇ ಸಲ ಸ್ಕಿನ್ ಪೂರ್ತಿ ಕಿತ್ತು ಬಂತು. ಹಿಡಿಯುವುದಕ್ಕೆ ಏನೂ ಇಲ್ಲದೆ ಹಿಂದಹಿಂದಕ್ಕೇ ಜಾರತೊಡಗಿದೆ. ಮುಖ ಅಡಿಯಾಗಿ ಬಿದ್ದೆ, ಹಣೆ ಆ ಗಟ್ಟಿ ಪದರಕ್ಕೆ ಉಜ್ಜಿಕೊಂಡು ಹೋಯಿತು. ಕೆಳಗೆ ಕುರಿಗಳಿಗೆ ಹಾಕಿದ ಮುಳ್ಳುತಂತಿಯ ಬೇಲಿ ಇದ್ದದ್ದು ಹತ್ತುವಾಗಲೇ ನೋಡಿದ್ದೆ. ಆಗ ದೇವರು ನೆನಪಾಗಲಿಲ್ಲ. ನಮ್ಮ ವಾರ್ಡಿನ ಹಾಸಿಗೆ ಕಣ್ಣ ಮುಂದೆ ಬಂತು. ಎರಡೂ ಮಂಡಿ ಮಡಚಿ ಸ್ಕೀ ಅಡ್ಡ ತಿರುಗಿಸಿದೆ. ತಿರುಗಿತು. ಅಂಚು ಒಂದು ಪೊದೆಗೆ ಸಿಕ್ಕಿ, ಬೇಲಿ ಇನ್ನೇನು ಕೈಗೆ ಸಿಗಬೇಕು ಎನ್ನುವಷ್ಟರಲ್ಲಿ ನಿಂತೆ.

ಊನಾ ಇಳಿದು ಬಂದವಳು ಹತ್ತಿರ ಬಂದು ತಟ್ಟನೆ ನಿಂತಳು, ಅದೇ ಅಭ್ಯಾಸ. "ಮುಟ್ಲಾ?" ಎಂದು ಕೇಳಿ ಆಮೇಲೆ ಕೈಕಾಲು ಮುಟ್ಟಿ ನೋಡಿದಳು. ಮುರಿದಿರಲಿಲ್ಲ, ಹಣೆಯಿಂದ ರಕ್ತ ಸೋರುತ್ತಿತ್ತು ಅಷ್ಟೇ. "ಆ ಉದ್ದದ್ದು ತಗೊಂಡಿದ್ರೆ ತಿರುಗ್ತಾನೇ ಇರ್ಲಿಲ್ಲ" ಎಂದಳು. ಆಮೇಲೆ ಸ್ಕೀ ಮಗುಚಿ, "ಇದೇನು, ಇಲ್ಲೂ ರಕ್ತ?" ಎಂದಳು.

ತಳದ ಉದ್ದಕ್ಕೂ ಕೆಂಪು, ಹಳದಿ ಬೊಟ್ಟುಗಳು ಕಲಸಿಹೋಗಿದ್ದವು. ಮೂಗಿನ ಹತ್ತಿರ ತಂದೆ. ಕೊಬ್ಬರಿ ಎಣ್ಣೆ. ನುಣುಪು ಪ್ಲಾಸ್ಟಿಕ್ಕಿಗೆ ಅರಿಶಿನ ಕುಂಕುಮ ನಿಲ್ಲುವುದಿಲ್ಲವೆಂದು ಎಣ್ಣೆಯಲ್ಲಿ ಕಲಸಿ ಹಚ್ಚಿದ್ದಾರೆ. ನಾನು ಡ್ಯೂಟಿಯಲ್ಲಿದ್ದಾಗ ಅತ್ತೆ ಹೊಸ ಗಾಡಿಗೆ ಪೂಜೆ ಮಾಡಿದ್ದರು. ಮೇಲೆ ಹಚ್ಚಿದರೆ ನಾನು ಒರೆಸುತ್ತೇನೆಂದು ತಳಕ್ಕೆ ಹಚ್ಚಿದ್ದರು. ಸತೀಶ ಅದರ ಮೇಲೆಯೇ ಸ್ಕಿನ್ ಅಂಟಿಸಿದ್ದ. "ಕುಂಕುಮ ತಾನೇ, ಅಳಿಸಿದ್ರೆ ಅಮ್ಮ ಬೇಜಾರು ಮಾಡ್ಕೋತಾರೆ ಅಂತ ಬಿಟ್ಟೆ" ಎಂದು ಆಮೇಲೆ ಹೇಳಿದ. ಎಣ್ಣೆಯ ಮೇಲೆ ಅಂಟು ಎಷ್ಟು ಹೊತ್ತು ನಿಂತೀತು.

ಊನಾಗೆ ವಿಷಯ ಹೇಳಲು ಹೋದೆ, ನಗು ಬಂತು, ನಗುತ್ತಲೇ ಅಳು ಬಂತು, ನಿಲ್ಲಲಿಲ್ಲ. ನನ್ನ ಹಣೆಗೆ ಇಡಲಾಗದ್ದನ್ನು ಅತ್ತೆ ತೆಗೆದುಕೊಂಡು ಹೋಗಿ ಸ್ಕೀಗೆ ಇಟ್ಟಿದ್ದರು. ಆ ವರ್ಷ ಅಷ್ಟು ಸಾವು ನೋಡಿಯೂ ಅಳದವಳು ಹಿಮದಲ್ಲಿ ಕೂತು ಅತ್ತುಬಿಟ್ಟೆ. ಊನಾ ಪಕ್ಕದಲ್ಲಿ ಕೂತಿದ್ದಳು. ಆಮೇಲೆ ಇಬ್ಬರೂ ಸ್ಕೀ ಹೆಗಲ ಮೇಲಿಟ್ಟುಕೊಂಡು ನಡೆದೇ ಇಳಿದೆವು.

ಮನೆ ಬಾಗಿಲು ತೆಗೆದಾಗ ಅತ್ತೆ ಎಂದಿನಂತೆ ಮೆಟ್ಟಿಲ ತುದಿಯಲ್ಲಿದ್ದರು. ನನ್ನ ಮುಖ ನೋಡಿದರು. ಇಳಿಯತೊಡಗಿದರು.

"ಅತ್ತೆ, ಅಲ್ಲೇ ನಿಂತ್ಕೊಳ್ಳಿ. ಬರಬೇಡಿ" ಎಂದೆ.

"ಸುಮ್ನಿರು" ಎಂದರು.

ಅವರ ಮುಖಕ್ಕೆ ಮಾಸ್ಕ್ ಕೂಡ ಇರಲಿಲ್ಲ. ನನ್ನ ಮಾಸ್ಕ್ ಕಾರಿನಲ್ಲೇ ಉಳಿದಿತ್ತು. ಹಿಂದೆ ಸರಿದೆ, ಬಾಗಿಲು ಬೆನ್ನಿಗೆ ತಾಗಿತು. ಅವರು ಸೆರಗನ್ನು ಬೆರಳಿಗೆ ಸುತ್ತಿಕೊಂಡು ಹಣೆಯ ರಕ್ತ ಒರೆಸತೊಡಗಿದರು. ಹತ್ತು ತಿಂಗಳ ಮೇಲೆ ಅವರ ಕೈ ನನ್ನನ್ನು ಮುಟ್ಟಿತ್ತು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ, ನನ್ನ ಉಸಿರು ಅವರಿಗೆ ತಾಗಬಾರದೆಂದು. ಅವರಿಗೆ ಅದು ಗೊತ್ತಾಯಿತು.

"ಯಾಕಮ್ಮ ಹಿಡ್ಕೊಂಡಿದ್ದೀಯ, ಉಸಿರು ಬಿಡು" ಎಂದರು.

ಬಿಟ್ಟೆ.

ಆಮೇಲಿನ ಎರಡು ವಾರ ನಾನು ಪಟ್ಟ ಭಯದ ಮುಂದೆ ಆ ಇಳಿಜಾರು ಏನೇನೂ ಅಲ್ಲ. ಬೆಳಿಗ್ಗೆ ಸಂಜೆ ಅವರ ಬೆರಳಿಗೆ ಆಕ್ಸಿಮೀಟರ್ ಹಾಕಿಸಿ, ಅಂಕಿ ಕೂಗಿ ಹೇಳಿ ಎನ್ನುತ್ತಿದ್ದೆ. ಅವರು ಸಣ್ಣದಾಗಿ ಕೆಮ್ಮಿದರೂ ಮೆಟ್ಟಿಲ ಬುಡಕ್ಕೆ ಓಡಿಬರುತ್ತಿದ್ದೆ. ಏನೂ ಆಗಲಿಲ್ಲ. ಬೇಸಿಗೆಯ ಹೊತ್ತಿಗೆ ಅವರಿಗೆ ಎರಡೂ ಲಸಿಕೆ ಆಯಿತು, ಮುಂದಿನ ವರ್ಷ ಮೈಸೂರಿಗೆ ಹೋದರು.

ಡಾಕ್ಟರಾಗಿ ಕೇಳಿದರೆ ಅತ್ತೆ ಅವತ್ತು ಇಳಿದು ಬಂದದ್ದು ತಪ್ಪು, ಇವತ್ತೂ ಹಾಗೆಯೇ ಹೇಳುತ್ತೇನೆ. ಆದರೆ ಅವತ್ತಿನಿಂದ ನನ್ನ ಕೆಲಸದಲ್ಲಿ ಒಂದು ಬದಲಾವಣೆಯಾಯಿತು. ಆಗ ಐಸಿಯುಗೆ ಮನೆಯವರನ್ನು ಬಿಡುತ್ತಿರಲಿಲ್ಲ, ಫೋನಿನಲ್ಲಿ ನಾವೇ ಹೇಳಬೇಕು. ಅಪ್ಪನನ್ನು ಒಮ್ಮೆ ಮುಟ್ಟಿ ಹೋಗುತ್ತೇನೆ, ಒಂದೇ ನಿಮಿಷ ಎಂದು ಬೇಡುವವರಿಗೆ ನಾನು ನಿಯಮ ಹೇಳಿ ಫೋನ್ ಇಟ್ಟುಬಿಡುತ್ತಿದ್ದೆ. ಆಮೇಲೂ ನಿಯಮವನ್ನೇ ಹೇಳಿದೆ. ಆದರೆ ಅವರ ಅಳು ಮುಗಿಯುವವರೆಗೂ ಫೋನ್ ಇಡಲಿಲ್ಲ.