ಅರ್ಧಕ್ಕೆ ಕೊಯ್ದ ಜಲಾಂತರ್ಗಾಮಿ

ಗದಗಿನ ಕಡೆಯಿಂದ ಬಂದ ಗುರುದೇವಿ ಸಮುದ್ರ ನೋಡಿದವಳಲ್ಲ. ಆದರೆ ರಾಜಾಜಿನಗರದ ಬೇಕರಿಯೊಂದರ ಮೇಲಿನ ಆಫೀಸಿನಲ್ಲಿ ಕೂತು ದಿನವಿಡೀ ಜಲಾಂತರ್ಗಾಮಿ ಮುಳುಗಿಸುವುದೇ ಅವಳ ಕೆಲಸ. ಎಲ್ಲ ಕಂಪ್ಯೂಟರಿನೊಳಗೆ. ಹಡಗಿನ ಸುತ್ತ ನೀರು ಹೇಗೆ ಹರಿಯುತ್ತದೆ, ಎಲ್ಲಿ ಸುಳಿ ಏಳುತ್ತದೆ ಎಂದು ಲೆಕ್ಕ ಹಾಕಿ, ಹಡಗಿನ ನಕ್ಷೆ ಮಾಡುವವರಿಗೆ ಕೊಡಬೇಕು. ಮೂಡಲಪಾಳ್ಯದ ಮನೆ ಓನರ್ ಮುನಿತಾಯಮ್ಮನವರಿಗೆ ಇದನ್ನು ವಿವರಿಸಿ ಸಾಕಾಗಿ, "ನೀರಿನ ಡಿಪಾರ್ಟ್‌ಮೆಂಟ್ ಆಂಟಿ" ಎಂದು ಕೈತೊಳೆದುಕೊಂಡಿದ್ದಳು. ಅಂದಿನಿಂದ ನಲ್ಲಿಯಲ್ಲಿ ಕಾವೇರಿ ಬರದ ದಿನವೆಲ್ಲ ಆಂಟಿ ಅವಳನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

ಆಫೀಸಿನಲ್ಲೊಂದು ರೂಢಿಯಿತ್ತು. ಹಡಗಿನ ಎಡಬಲ ಒಂದೇ ತಾನೆ? ಉದ್ದಕ್ಕೆ ಸೀಳಿ ಅರ್ಧಕ್ಕೆ ಮಾತ್ರ ಲೆಕ್ಕ ಹಾಕು, ಇನ್ನರ್ಧ ಕನ್ನಡಿಯಲ್ಲಿ ಕಂಡ ಹಾಗೆ ಅಂಟಿಸು. ಕಲಿಸಿದವರು ಯಜಮಾನರಾದ ಚಕ್ರಪಾಣಿ. ಗುರುದೇವಿ ಹಾಗೇ ಮಾಡಿದ್ದಳು. ಮೂತಿ ಎತ್ತಿ ಮೇಲೇಳುವ ಹಡಗಿನ ಚಿತ್ರ ರಂಗೋಲಿಯಂತೆ ಬಂದಿತ್ತು. ಮರುದಿನ ವರದಿ ಹೋದರೆ ಅವಳ ಕೆಲಸ ಕಾಯಂ.

ಆ ರಂಗೋಲಿಯೇ ಅವಳ ನೆಮ್ಮದಿ ಕೆಡಿಸಿತು. ಇಷ್ಟು ಕದಡಿದ ನೀರು ಎರಡೂ ಬದಿಗೆ ಅಷ್ಟು ಶಿಸ್ತಾಗಿ ಹರಿಯುವುದುಂಟೆ? ಒಂದು ಬದಿಯ ಸುಳಿ ಜೋರಾದರೆ ಹಡಗಿನ ಬಾಲ ಪಕ್ಕಕ್ಕೆ ಜಾರುತ್ತದೆ. ಅರ್ಧ ಹಡಗಿನಲ್ಲಿ ಅದು ಕಾಣುವುದೇ ಇಲ್ಲ. ಬಾಯಿಬಿಟ್ಟರೆ ಕೆಲಸಕ್ಕೇ ಕುತ್ತು. ಭಯವಾಯಿತು, ನಿಜ. ಆದರೂ ಹೋಗಿ ಹೇಳಿದಳು.

"ಸರ್, ಪೂರಾ ಹಡಗ ಇಟ್ಟು ಮತ್ತೊಮ್ಮೆ ಲೆಕ್ಕ ಹಾಕ್ಬೇಕ್ರಿ."

"ವರ್ಷಗಟ್ಲೆಯಿಂದ ಹಿಂಗೇ ಮಾಡ್ತಾ ಇದೀವಿ ಕಣಮ್ಮಾ. ನಿಂಗೆ ಕಾಯಂ ಆಗೋದು ಬೇಡ್ವಾ?"

"ಬೇಕ್ರಿ ಸರ್. ಆದ್ರ ಅದರೊಳಗ ಮಂದಿ ಕೂಡ್ತಾರಲ್ರೀ."

ಚಕ್ರಪಾಣಿ ಗೊಣಗುತ್ತಲೇ ವರದಿ ತಡೆದರು. ಪೂರ್ತಿ ಹಡಗಿನ ಲೆಕ್ಕ ಶುರುವಾಯಿತು. ಮೊದಮೊದಲು ಅದೇ ರಂಗೋಲಿ. "ನೋಡ್ದಾ?" ಎಂದರು ಅವರು. ಗುರುದೇವಿಯ ಮುಖ ಸಪ್ಪಗಾಯಿತು.

"ನೀರಿಗೆ ಇನ್ನೊಂಚೂರು ಟೈಮ್ ಕೊಡ್ರಿ ಸರ್."

ವಾರ ಕಳೆಯುವಷ್ಟರಲ್ಲಿ ಎಡಗಡೆಯ ಸುಳಿ ದಪ್ಪವಾಯಿತು, ಬಲಗಡೆಯದು ಸೊರಗಿತು. ಬಾಲವನ್ನು ಪಕ್ಕಕ್ಕೆ ನೂಕುವ ಬಲ ಸೊನ್ನೆಯಿಂದ ಏರುತ್ತಲೇ ಹೋಯಿತು. ಗುರುದೇವಿಗೆ ಕುಣಿಯುವಷ್ಟು ಖುಷಿ. ಆದರೆ ಚಕ್ರಪಾಣಿಯವರ ಮುಖದಲ್ಲಿ ಗೆಲುವಿರಲಿಲ್ಲ. ಅವರು ಕುರ್ಚಿ ಎಳೆದು ಅವಳ ಪಕ್ಕದಲ್ಲೇ ಕೂತರು.

"ಹಳೇ ಹಡಗುಗಳ ಫೈಲೆಲ್ಲ ತೆಗಿಯಮ್ಮಾ," ಎಂದರು ಮೆಲ್ಲಗೆ. "ಅವನ್ನ ಅರ್ಧಕ್ಕೆ ಕೊಯ್ದೋನು ನಾನು."

"ಸರ್, ನನ್ನ ಕೆಲಸ..."

"ಇವನ್ನೆಲ್ಲ ಸರಿ ಮಾಡೋವರೆಗೂ ನೀನು ಎಲ್ಲಿಗೂ ಹೋಗೋ ಹಾಗಿಲ್ಲ. ನಾನೂ ಅಷ್ಟೇ."