ಪಿಳ್ಳಪ್ಪನವರ ಒಂಬತ್ತು ಸಾವಿರ ಬೈಟು

ಪಿಳ್ಳಪ್ಪನವರು ಯಾರ ಹೆಸರಿಗೂ ‘ಶ್ರೀ’ ಸೇರಿಸುತ್ತಿರಲಿಲ್ಲ. ಅಹಂಕಾರದಿಂದಲ್ಲ, ಜಿಪುಣತನದಿಂದ. ಕಂಪ್ಯೂಟರಿನಲ್ಲಿ ಆ ಒಂದಕ್ಷರಕ್ಕೆ ಹನ್ನೆರಡು ಬೈಟು ಜಾಗ ಬೇಕು. “ಅಷ್ಟ್ರಲ್ಲಿ ಎರಡು ಬಸ್ಸಿನ ಟೈಮ್ ಬರ್ಕೋಬೌದು ಕಣವ್ವಾ. ಮರ್ಯಾದೆ ಮನ್ಸಲ್ಲಿದ್ರೆ ಸಾಕು” ಎನ್ನುತ್ತಿದ್ದರು.

ದೊಡ್ಡಬಳ್ಳಾಪುರದಲ್ಲಿ ನನ್ನ ಅಂಗಡಿಯ ಪಕ್ಕದ್ದೇ ಅವರ ಅಂಗಡಿ. ಮಗ್ಗಗಳ ಎಲೆಕ್ಟ್ರಾನಿಕ್ ಬೋರ್ಡು ಕೆಟ್ಟರೆ ರಿಪೇರಿ ಮಾಡುವುದು ಅವರ ಕೆಲಸ. ನನ್ನದು ಛತ್ರ, ನರ್ಸರಿ, ಲೇಔಟಿನವರಿಗೆ ವೆಬ್‌ಸೈಟು ಮಾಡಿಕೊಡುವ ಘನಕಾರ್ಯ. ಅಂದರೆ, ಯಾರೋ ಮಾಡಿಟ್ಟ ರೆಡಿಮೇಡ್ ಸೈಟು ತಂದು, ಬಣ್ಣ ಬದಲಿಸಿ, ಫೋಟೋ ಅಂಟಿಸುವುದು. ಒಮ್ಮೆ ಒಂದು ಛತ್ರದ ಸೈಟನ್ನು ಹೆಮ್ಮೆಯಿಂದ ಅವರಿಗೆ ತೋರಿಸಿದೆ. ಅದರಲ್ಲಿ ಹೂವು ಉದುರುತ್ತಿತ್ತು, ನಾದಸ್ವರ ಮೊಳಗುತ್ತಿತ್ತು. ಅವರ ಹಳೆಯ ಫೋನಿನಲ್ಲಿ ಅದು ಪೂರ್ತಿ ತೆರೆದುಕೊಳ್ಳುವಷ್ಟರಲ್ಲಿ ಅವರು ಒಂದು ಬೋರ್ಡಿಗೆ ಬೆಸುಗೆ ಹಾಕಿ ಮುಗಿಸಿದ್ದರು.

“ಇದ್ರಲ್ಲಿ ಜನಕ್ಕೆ ಬೇಕಾಗಿರೋದು ಏನೈತವ್ವಾ?”

“ಛತ್ರದ ಫೋನ್ ನಂಬರ್, ಅಣ್ಣ.”

“ಒಂದು ಫೋನ್ ನಂಬರ್ ಹೇಳಕ್ಕೆ ಇಷ್ಟು ದೊಡ್ಡ ದಿಬ್ಬಣ ಹೊರಡ್ಸಿದ್ದೀಯಲ್ಲ.”

ಆ ಸಿಟ್ಟಿಗೋ ಏನೋ, ತಾವೇ ಒಂದು ಸೈಟು ಮಾಡಲು ಕೂತರು. ಊರಿನ ಬಸ್ಸುಗಳ ವೇಳೆ ತೋರಿಸುವ ಒಂದೇ ಒಂದು ಪುಟ. ಸಿಗ್ನಲ್ ಸರಿಯಿಲ್ಲದ ಹಳ್ಳಿಯಲ್ಲೂ, ಮುರುಕಲು ಫೋನಿನಲ್ಲೂ ತಟ್ಟನೆ ಬರಬೇಕು. ಇದಕ್ಕೆ ನೂರು ಸುಲಭದ ದಾರಿಗಳಿವೆ. ಇವರು ಹಿಡಿದದ್ದು ಅಸೆಂಬ್ಲಿ ಭಾಷೆ. ‘ಈ ಅಂಕಿ ಇಲ್ಲಿಡು, ಆ ಅಂಕಿ ಅಲ್ಲಿಂದ ತೆಗೆ, ಸೊನ್ನೆ ಬಂದರೆ ಇಂಥ ಕಡೆ ಹಾರು’ ಎಂದು ಯಂತ್ರಕ್ಕೆ ಒಂದೊಂದನ್ನೂ ಬಿಡಿಸಿ ಹೇಳಬೇಕಾದ ಭಾಷೆ ಅದು. ಒಬ್ಬರಿಗೆ ಅನ್ನ ಬಡಿಸಲು ಭತ್ತದ ನಾಟಿಯಿಂದ ಶುರುಮಾಡಿದ ಹಾಗೆ. ಪುಟವಷ್ಟೇ ಅಲ್ಲ, ಕೇಳಿದವರಿಗೆ ಅದನ್ನು ಕಳಿಸಿಕೊಡುವ ಎಂಜಿನ್ನನ್ನೂ ತಾವೇ ಬರೆಯುತ್ತೇನೆಂದರು. ಸೀರೆಯ ಅಂಚಿನ ಡಿಸೈನ್ ಬರೆಯುವ ಚೌಕುಳಿ ಕಾಗದದ ಮೇಲೆ, ಚೌಕಕ್ಕೊಂದು ಬೈಟಿನಂತೆ, ಪೆನ್ಸಿಲಿನಲ್ಲಿ ಎರಡು ವರ್ಷ ಬರೆದರು. ಅಷ್ಟರಲ್ಲಿ ನಾನು ನಲವತ್ತು ಸೈಟು ಮಾರಿದ್ದೆ. ಅದರಲ್ಲಿ ನಾಲ್ಕು ಇನ್ನೂ ಬದುಕಿದ್ದವು. ಅವರದು ಎಲ್ಲ ಸೇರಿ ಒಂಬತ್ತು ಸಾವಿರ ಬೈಟಾಯಿತು. ಅಷ್ಟು ಜಾಗದಲ್ಲಿ ನನ್ನ ಛತ್ರದ ಸೈಟಿನ ಒಂದು ಹೂವೂ ಉದುರುತ್ತಿರಲಿಲ್ಲ.

ಪ್ರೋಗ್ರಾಮಿನೊಳಗೆ ಹಾರಬೇಕಾದ ಜಾಗಗಳಿಗೆಲ್ಲ ಒಂದೊಂದು ಹೆಸರಿಡಬೇಕು. ಇಂಗ್ಲಿಷ್ ಹೆಸರಿಡುವುದು ಲೋಕರೂಢಿ. ಪಿಳ್ಳಪ್ಪನವರು ನೆಂಟರ ಹೆಸರಿಟ್ಟರು. ಪುಟ ಕೇಳಿಕೊಂಡು ಹೊರಗಿನಿಂದ ಬರುವವರು ಬೀಗರು. ಬಂದವರಿಗೆ ಏನು ಬೇಕೆಂದು ವಿಚಾರಿಸುವ ಜಾಗ ದೊಡ್ಡಪ್ಪ. ಬಡಿಸುವ ಜಾಗ ಅತ್ತಿಗೆ. “ಬೀಗರು ಬಂದ್ರೆ ಊಟ ಹಾಕಿ ಕಳಿಸ್ಬೇಕು, ಮನೆ ಪುರಾಣ ಬಿಚ್ಬಾರ್ದು” ಎಂಬುದೇ ಅವರ ತಂತ್ರಜ್ಞಾನ.

ಒಂದು ದಿನ ಎಂಜಿನ್ ನಿಂತುಹೋಯಿತು. ಪಿಳ್ಳಪ್ಪನವರು ಪರದೆ ನೋಡುತ್ತ ಜೋರಾಗಿ, “ಇದು ಬಾಮೈದನ ಮನೇಲಿ ಹೋಗಿ ಕೂತ್ಬಿಟ್ಟೈತೆ, ಅಲ್ಲಿಂದ ವಾಪಸ್ ಬರೋ ದಾರೀನೇ ಇಲ್ಲ” ಎಂದರು. ಊಟದ ಡಬ್ಬಿ ತಂದಿದ್ದ ಅವರ ಹೆಂಡತಿ ಗೌರಮ್ಮನವರಿಗೆ ರೇಗಿತು. “ನನ್ ತಮ್ಮನ ಸುದ್ದಿ ಯಾಕೆ ಅಂಗ್ಡೀಲಿ? ಬಂದೋರ್ನ ಅವ್ನೇನ್ ಕಟ್ಟಾಕವ್ನಾ?” ಪಿಳ್ಳಪ್ಪನವರು ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಇಡೀ ಪ್ರೋಗ್ರಾಮನ್ನು ಮೊದಲಿಂದ ಕೊನೆಯವರೆಗೆ ನೆಂಟರ ಕಥೆಯಾಗಿ ಹೇಳಿದರು. ಆಕೆ ಎಲ್ಲ ಕೇಳಿ, “ಅತ್ತಿಗೆ ಒಬ್ಳನ್ನೇ ಯಾಕೆ ಅಷ್ಟು ದುಡಿಸ್ತೀರಾ?” ಎಂದು ಮಾತ್ರ ಕೇಳಿದರು. ನಾನು ನಗು ತಡೆಯಲಾರದೆ ನನ್ನ ಅಂಗಡಿಗೆ ಓಡಿಬಂದೆ.

ಪುಟ ಹೊರಗೆ ಬಂತು. ಬಸ್ಸಿಗೆ ಕಾಯುವವರೆಲ್ಲ ಅದನ್ನು ‘ಪಿಳ್ಳಪ್ಪನ ಪುಟ’ ಎನ್ನತೊಡಗಿದರು. ಆದರೆ ಬಸ್ಸಿನ ವೇಳೆಯನ್ನೂ ಪ್ರೋಗ್ರಾಮಿನೊಳಗೇ ಹೆಣೆದಿದ್ದರಿಂದ, ಏನೇ ಬದಲಾದರೂ ಅವರೇ ಪೆನ್ಸಿಲ್ ಹಿಡಿಯಬೇಕಿತ್ತು. ಒಮ್ಮೆ ಎದೆನೋವು ಬಂದು ಹೋದ ಮೇಲೆ ಅವರಿಗೆ ಅದೇ ಚಿಂತೆಯಾಯಿತು. “ನಾನಿರೋವಾಗ್ಲೇ ನೀನಾದ್ರೂ ಇದನ್ನ ಓದ್ಕೊಳವ್ವಾ. ಇಲ್ದಿದ್ರೆ ಸುಳ್ಳು ಟೈಮ್ ತೋರಿಸ್ಕೊಂಡು ಕೂತಿರ್ತೈತೆ, ಜನ ನನ್ನ ಬೈತಾರೆ” ಎಂದು ಕಾಗದದ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು. “ಆಯ್ತಣ್ಣ, ಭಾನುವಾರ ಕೂತ್ಕೋತೀನಿ” ಎಂದೆ. ನನ್ನ ಭಾನುವಾರಗಳು ಬಹಳ ಸಾಧು ಸ್ವಭಾವದವು. ವಾರಕ್ಕೊಂದರಂತೆ ಬಂದು, ಏನೂ ಕೇಳದೆ ಹೋದವು.

ಎರಡನೆಯ ಸಲ ಎದೆನೋವು ಬಂದಾಗ ಮನೆಗೆ ನೋಡಲು ಹೋದೆ. ತರಕಾರಿ ಅಂಗಡಿಯ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಒಳಗೆ ನುಗ್ಗಿ ಜಗಳವಾಡಿ ಬರುತ್ತಿದ್ದ ಮನುಷ್ಯ, ಮಂಚದ ಮೇಲಿಂದ ಮೆಲ್ಲಗೆ ಕೇಳಿದರು.

“ಓದಿದ್ಯೇನವ್ವಾ?”

“ಪೂರ್ತಿ ಓದಿದೆ ಅಣ್ಣ.” ಕಟ್ಟಿನ ದಾರವನ್ನೂ ನಾನು ಬಿಚ್ಚಿರಲಿಲ್ಲ.

“ಹಂಗಾರೆ ಹೇಳು, ಬೀಗರು ಉಂಡು ಹೋದ್ಮೇಲೆ ಬಾಗ್ಲು ಹಾಕೋರು ಯಾರು?”

“ಅತ್ತಿಗೆ” ಎಂದುಬಿಟ್ಟೆ, ಬಾಯಿಗೆ ಬಂದದ್ದು.

ಅವರು ನನ್ನನ್ನೇ ನೋಡಿದರು. ಬೈಗುಳ ಬರುತ್ತದೆಂದು ಕಾದೆ. “ಹೂಂ, ಸರಿ ಕಣವ್ವಾ” ಎಂದು ಆಚೆ ಹೊರಳಿದರು.

ಗೇಟಿನವರೆಗೆ ಬಂದ ಗೌರಮ್ಮನವರು ತಗ್ಗಿದ ದನಿಯಲ್ಲಿ, “ಬಾಗ್ಲು ಹಾಕೋಳು ಗೌರಿ. ನನ್ನೆಸ್ರೇ ಇಟ್ಟವ್ರೆ. ನೀನು ಓದಿಲ್ಲ ಅಂತ ಅವ್ರಿಗೆ ಗೊತ್ತಾಯ್ತು ಬಿಡು” ಎಂದರು. ನನಗೆ ಅಲ್ಲೇ ಭೂಮಿಗಿಳಿದುಹೋಗಬೇಕು ಅನ್ನಿಸಿತು. ಒಳಗೆ ಹೋಗಿ ತಪ್ಪೊಪ್ಪಿಕೊಳ್ಳಬಹುದಿತ್ತು. ನಾಳೆ ಬರೋಣವೆಂದು ಹೊರಟುಬಂದೆ. ಮಾರನೆಯ ದಿನ ಬೆಳಿಗ್ಗೆ ಅವರು ತೀರಿಕೊಂಡರು.

ಈಗ ಕಟ್ಟು ಬಿಚ್ಚಿ ಓದುತ್ತಿದ್ದೇನೆ. ಹನ್ನೊಂದನೆಯ ಹಾಳೆಯಲ್ಲಿದ್ದೇನೆ. ಇಷ್ಟರಲ್ಲಿ ತ್ಯಾಮಗೊಂಡ್ಲಿಗೆ ಹೋಗುವ ಬೆಳಗಿನ ಬಸ್ಸು ನಿಂತುಹೋಗಿದೆ. ಪುಟದಲ್ಲಿ ಮಾತ್ರ ಅದು ದಿನವೂ ಆರು ಹತ್ತಕ್ಕೆ ಹೊರಡುತ್ತದೆ. ಅರ್ಧ ಗಂಟೆಯಲ್ಲಿ ಬೇರೆ ಪುಟ ಮಾಡಿ ಹಾಕಬಲ್ಲೆ, ಅವರದನ್ನು ಅಳಿಸಲು ಮನಸ್ಸು ಬರುವುದಿಲ್ಲ. ತಾಲ್ಲೂಕಿಗೆಲ್ಲ ವೆಬ್‌ಸೈಟು ಮಾಡಿಕೊಡುವ ನಾನು ಮೊನ್ನೆ ‘ಬೆಳಗಿನ ಬಸ್ಸು ಇಲ್ಲ’ ಎಂದು ರಟ್ಟಿನ ಮೇಲೆ ಬರೆದು, ಬಸ್ ಸ್ಟ್ಯಾಂಡಿನ ಕಂಬಕ್ಕೆ ಕಟ್ಟುತ್ತಿದ್ದೆ. ಆರು ಗಂಟೆಯಿಂದ ಕಾದು ನಿಂತಿದ್ದ ಹೆಂಗಸೊಬ್ಬರು ಫೋನು ಹಿಡಿದುಕೊಂಡು ಬಂದರು.

“ಯಾವನಮ್ಮಾ ಅವ್ನು ಪಿಳ್ಳಪ್ಪ? ಸುಳ್ಳು ಟೈಮ್ ಹಾಕಿ ಜನನ ಸಾಯಿಸ್ತಾವ್ನೆ” ಎಂದು ಶುರುಮಾಡಿದರು. ಅಷ್ಟೂ ನನಗೆ ಸೇರಬೇಕಾದದ್ದು. ಆಕೆ ಮುಗಿಸುವವರೆಗೂ ನಿಂತು ಕೇಳಿಸಿಕೊಂಡೆ.